‘ಯಾವುದಾದ್ರೂ ನಡೀತೈತಿ’ ಅನ್ನೋರ ಸಂಗಟ ನನ್ನ ಜಗಳ

1/9
ನಮ್ಮ ಕಡೆ ಕಂಪ್ಯೂಟರ್ ವಿಷಯದಾಗ ಅತಿ ತುಟ್ಟಿ ಬೀಳೋ ಮಾತು ಯಾವುದು ಗೊತ್ತೇನು? “ಯಾವುದಾದ್ರೂ ನಡೀತೈತಿ.” ಎರಡೇ ಶಬ್ದ. ಚಿಕ್ಕೋಡಿಯೊಳಗ ಕೇಳೀನಿ, ಅಥಣಿಯೊಳಗ ಕೇಳೀನಿ, ಕ್ಲಾಸಿನ ಕಡೇ ಬೆಂಚಿನಾಗ ಕೇಳೀನಿ. ಗಡಿ ದಾಟಿ ಕೊಲ್ಲಾಪುರಕ್ಕ ಹೋದ್ರ ಅದೇ ಮಾತು ಮರಾಠಿಯೊಳಗ, “ಚಾಲ್ತಂಯ ಕಿ.” ನಡಿಯೂದಿಲ್ಲ ದೋಸ್ತ. ರ‍್ಯಾಮ್ ವಿಷಯದಾಗಂತೂ ನಡಿಯೂದಿಲ್ಲ.

ಇದನ್ನ ನಾನು ರೊಕ್ಕ ಕಳ್ಕೊಂಡು ಕಲಿತೀನಿ. ನಮ್ಮ ಮನ್ಯಾಗಿರೋದು ಸೆಕೆಂಡ್ ಹ್ಯಾಂಡ್ ಪಿಸಿ. ಎಚ್61 ಬೋರ್ಡ್, ಮೂರನೇ ಜನರೇಷನ್ ಐ5, 4 ಜಿಬಿ ರ‍್ಯಾಮ್. ತಂಗಿ ಪಿಯುಸಿ ಎರಡನೇ ವರ್ಷ. ಸಿಇಟಿ ಪಾಠದ ವಿಡಿಯೋ ಒಂದು ಕಡೆ, ನೋಟ್ಸ್ ಇನ್ನೊಂದು ಕಡೆ ತೆರೆದಳು ಅಂದ್ರ ಮೌಸ್ ಸಹ ಅಲ್ಲೇ ನಿಲ್ತಿತ್ತು. ಕಬ್ಬಿನ ಬಿಲ್ ಬಂದಾಗ ಅಪ್ಪ ಮರುಮಾತಿಲ್ಲದ ರೊಕ್ಕ ಕೊಟ್ರು. ನಾನು ಆನ್‌ಲೈನ್‌ನಾಗ ಅತಿ ಸೋವಿ ಇದ್ದ 8 ಜಿಬಿ ಡಿಡಿಆರ್3 ತರಿಸಿದೆ. ನನಗ ಇಂಟರ್ನಲ್ ಪರೀಕ್ಷೆ, ಅದಕ್ಕ ಡಬ್ಬಿ ಹತ್ತು ದಿನ ಹಂಗೇ ಬಿದ್ದಿತ್ತು. ಆಮ್ಯಾಲೆ ಕೂಡಿಸಿದೆ. ಸ್ಲಾಟಿನಾಗ ಸರಿಯಾಗಿ ಕೂತಿತು, ಕ್ಲಿಪ್ ಟಕ್ ಅಂತು. ಸ್ವಿಚ್ ಒತ್ತಿದೆ. ಬೀಪ್, ಬೀಪ್, ಬೀಪ್. ಪರದೆ ಕಪ್ಪು.

ಬೋರ್ಡಿಗೆ ಬೈದೆ, ಕರೆಂಟಿಗೆ ಬೈದೆ. ಮರುದಿನ ಆ ಜಾಹೀರಾತಿನ ಕಟ್ಟಕಡೇ ಸಾಲು ಓದಿದೆ: ‘ಎಎಂಡಿ ಬೋರ್ಡಿಗೆ ಮಾತ್ರ.’ ನಮ್ಮದು ಇಂಟೆಲ್. ವಾಪಸ್ ಕೊಡೋ ಅವಧಿ ಮುಗಿದಿತ್ತು.

ಅಪ್ಪ ಬೈಲಿಲ್ಲ. “ಈ ಡಬ್ಬಿಗೆ ಇನ್ನ ಮ್ಯಾಲೆ ಒಂದ್ ರೂಪಾಯಿ ಇಲ್ಲ” ಅಂದ್ರು, ಅಷ್ಟೇ. ನನಗೇನು, ಕಾಲೇಜಿನಾಗ ಲ್ಯಾಬ್ ಐತಿ. ಬಾಗಲು ಮುಚ್ಚಿದ್ದು ತಂಗಿಗೆ.

ಈ ಜಗಳದಾಗ ಮೊದಲನೇ ಆರೋಪಿ ನಾನೇ. ಎರಡನೇದವರು ಯಾರು ಅಂತ ಮುಂದಿನ ಎಂಟು ಪೋಸ್ಟಿನಾಗ ಹೇಳ್ತೀನಿ. 👉

2/9
“ರ‍್ಯಾಮ್ ಅಂದ್ರ ರ‍್ಯಾಮ್, ಅದ್ರಾಗೇನು ಜಾತಿ?” ಅಂತ ಒಬ್ಬ ಕೇಳಿದ. ಮನುಷ್ಯರಾಗ ಜಾತಿ ಹುಡುಕಬ್ಯಾಡ, ರ‍್ಯಾಮ್‌ನಾಗ ಹುಡುಕಲೇಬೇಕು ತಮ್ಮಾ.

ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5. ಇವು ನಾಲ್ಕು ಬೇರೆ ಬೇರೆ ವಸ್ತು, ಒಂದೇ ವಸ್ತುವಿನ ಹಳೇ-ಹೊಸ ಮಾಡೆಲ್ ಅಲ್ಲ. ಡೆಸ್ಕ್‌ಟಾಪಿನ ಡಿಡಿಆರ್2 ಮತ್ತು ಡಿಡಿಆರ್3ಕ್ಕೆ 240 ಪಿನ್. ಡಿಡಿಆರ್4 ಮತ್ತು ಡಿಡಿಆರ್5ಕ್ಕೆ 288. ಪಿನ್ ಲೆಕ್ಕ ಒಂದೇ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪು ಜಾತಿಯದು ಒಳಗೆ ಹೋಗಬಾರದು ಅಂತಲೇ ಹಾಗೆ ಮಾಡಿದ್ದಾರೆ. ಹೋಗಲಿಲ್ಲ ಅಂದ್ರ ಜೋರು ಹಚ್ಚಿ ಒತ್ತಬ್ಯಾಡ್ರಿ. ಅದು ಬ್ಯಾಡ ಅಂತ ಹೇಳಾಕತ್ತೈತಿ.

ಕರೆಂಟಿನ ಲೆಕ್ಕವೂ ಬೇರೆ. ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ನಡುವೆ ಡಿಡಿಆರ್3ಎಲ್ ಅಂತ ಒಂದು ಐತಿ, 1.35 ವೋಲ್ಟಿನದು. ಇದು ಸಾಮಾನ್ಯವಾಗಿ 1.5ರ ಬೋರ್ಡಿನಲ್ಲೂ ಓಡುತ್ತದೆ. ಆದರೆ 1.35 ಮಾತ್ರ ಕೊಡುವ ಲ್ಯಾಪ್‌ಟಾಪಿಗೆ ಸಾದಾ ಡಿಡಿಆರ್3 ಹಾಕಿದರೆ ಓಡುವುದಿಲ್ಲ.

ಲ್ಯಾಪ್‌ಟಾಪಿನದು ಗಿಡ್ಡ ಪಟ್ಟಿ, ಸೋಡಿಮ್ ಅಂತಾರ. ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಡೆಸ್ಕ್‌ಟಾಪಿನದು ಲ್ಯಾಪ್‌ಟಾಪಿಗೆ ಕೂಡೂದೇ ಇಲ್ಲ.

ಅಥಣಿಗೆ ಹೋಗಿ ಚಪ್ಪಲಿ ತಗೊಳ್ಳುವಾಗ “ಯಾವ ನಂಬರಾದ್ರೂ ನಡೀತೈತಿ” ಅಂತ ಯಾರಾದ್ರೂ ಅಂತೀರೇನು? ಕಾಲು ಹಾಕಿ, ನಾಲ್ಕು ಹೆಜ್ಜೆ ನಡೆದು, ಆಮ್ಯಾಲೆ ರೇಟ್ ಕೇಳ್ತೀರಿ. ರ‍್ಯಾಮಿಗೆ ಯಾಕ ಮೊದಲೇ ರೇಟ್ ಕೇಳ್ತೀರಿ? 👉

3/9
“ಸ್ಲಾಟಿನಾಗ ಕೂತಿತು ಅಂದ್ರ ಓಡತೈತಿ.” ಇದು ಇನ್ನೊಂದು ಸುಳ್ಳು, ಮತ್ತು ನನ್ನ ರೊಕ್ಕ ತಿಂದ ಸುಳ್ಳು ಇದೇ. ಕೂತೂ ಓಡದ ಮೂರು ನಮೂನಿ ಕೇಳ್ರಿ.

ಒಂದು: ‘ಎಎಂಡಿ ಮಾತ್ರ’ ರ‍್ಯಾಮ್. ರ‍್ಯಾಮ್ ಪಟ್ಟಿಯ ಮೇಲಿನ ಒಂದೊಂದು ಕರಿ ಚಿಪ್ಪು ಒಮ್ಮೆಗೆ ಎಷ್ಟು ಬಿಟ್ ಕೊಡುತ್ತದೆ ಅನ್ನೋದರ ಮೇಲೆ ಎಕ್ಸ್4, ಎಕ್ಸ್8, ಎಕ್ಸ್16 ಅಂತ ವಿಂಗಡಣೆ. ಆ ಕಾಲದ ಇಂಟೆಲ್ ಡೆಸ್ಕ್‌ಟಾಪುಗಳು ಎಕ್ಸ್4 ಚಿಪ್ಪನ್ನು ಗುರುತಿಸುವುದಿಲ್ಲ. ಹಳೇ ಎಎಂಡಿ ಬೋರ್ಡು ಗುರುತಿಸುತ್ತವೆ. ಆ ಚಿಪ್ಪಿನಿಂದ ಮಾಡಿದ 8 ಜಿಬಿ ಸೋವಿ ಸಿಗುತ್ತದೆ. ಸೋವಿ ಯಾಕ ಅಂತ ನಾನು ಕೇಳಲಿಲ್ಲ.

ಎರಡು: ಸರ್ವರಿನ ರ‍್ಯಾಮ್. ಕಂಪನಿಗಳು ಸರ್ವರ್ ಬಿಚ್ಚಿದಾಗ ಹೊರಗೆ ಬರುವ ‘ರಿಜಿಸ್ಟರ್ಡ್ ಇಸಿಸಿ’ ಪಟ್ಟಿಗಳು. ಡಿಡಿಆರ್3, ಡಿಡಿಆರ್4 ಕಾಲದವು ಕಚ್ಚು ಸಹ ಹೊಂದಿ ಒಳಗೆ ಕೂಡುತ್ತವೆ. ಮನೆಯ ಸಾದಾ ಬೋರ್ಡಿನಲ್ಲಿ ಓಡುವುದಿಲ್ಲ.

ಮೂರು: ಚಿಪ್ಪಿನ ಸಾಂದ್ರತೆ. ಇಂಟೆಲ್ ಜಿ41 ಬೋರ್ಡು ಇನ್ನೂ ಎಷ್ಟೋ ಮನೆಯಾಗ ಅದಾವ. ಡಿಡಿಆರ್3 ಇರುವ ಜಿ41ಕ್ಕೆ 4 ಜಿಬಿ ಪಟ್ಟಿ ಹಾಕಬೇಕಂದ್ರ ಅದರಲ್ಲಿ 16 ಚಿಪ್ಪಿರಬೇಕು. ಈಚಿನ 8 ಚಿಪ್ಪಿನ 4 ಜಿಬಿ ಪಟ್ಟಿಯನ್ನು ಅದು ಓದುವುದಿಲ್ಲ. ಹಂಗೇ ನಮ್ಮ ಎಚ್61ರ ಕಾಲದ ಇಂಟೆಲ್‌ಗೆ 8 ಜಿಬಿ ಪಟ್ಟಿ 8 ಚಿಪ್ಪಿನದಾದರೆ ಆಗುವುದಿಲ್ಲ, ಎಕ್ಸ್8ರ 16 ಚಿಪ್ಪಿನದೇ ಬೇಕು.

ನೋಡ್ರಿ, ಮೂರರಾಗೂ ವಸ್ತು ಹಾಳಾಗಿಲ್ಲ. ಹಾಳಾಗಿಲ್ಲ ಅನ್ನೋದೇ ನಮಗ ಮುಳುವು. ಯಾಕ ಅಂತ ಮುಂದಿನದ್ರಾಗ. 👉

4/9
ಈಗ ಅಂಗಡಿಯವರ ವಿಷಯ. ಬೈಯಾಕ ಬಂದಿಲ್ಲ. ನಮ್ಮ ಐದು ತಾಲೂಕಿನ ಊರುಗಳಲ್ಲಿ ಒಬ್ಬನೇ ಮನುಷ್ಯ ಪ್ರಿಂಟರ್ ಸುಧಾರಸ್ತಾನ, ಝೆರಾಕ್ಸ್ ತೆಗೀತಾನ, ಸಿಸಿಟಿವಿ ಕೂಡಸ್ತಾನ, ಪಹಣಿ ಅರ್ಜಿನೂ ತುಂಬತಾನ. ಅಂಥವರ ಕೈಗುಣದಿಂದ ಬದುಕಿದ ಮಷೀನು ಎಷ್ಟೋ. ನನ್ನ ತಕರಾರು ಕೈ ಮ್ಯಾಲೆ ಅಲ್ಲ, ಬಿಲ್ ಮ್ಯಾಲೆ.

ಬಿಲ್‌ನಾಗ ಏನು ಬರೀತಾರ? ‘ರ‍್ಯಾಮ್ 1.’ ಅಷ್ಟೇ. ಎಷ್ಟೋ ಸಲ ಬಿಲ್ಲೇ ಇಲ್ಲ, ಒಂದು ಚೀಟಿ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಏನು ಹೇಳತೈತಿ ಕೇಳ್ರಿ. ಬಿಲ್ ಕೊಡದೇ ಇರೋದು ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲವಾದರೆ 30 ದಿನದೊಳಗೆ ವಾಪಸ್ ತಗೊಳ್ಳಲು ಒಪ್ಪದಿರೋದೂ ಅನುಚಿತ ವ್ಯಾಪಾರ. ಛಲೋ ಆತಲ್ಲ? ಆದ್ರ ‘ದೋಷ ಇರುವ’ ಅನ್ನೋ ಶಬ್ದ ನೋಡ್ರಿ. ನಿಮ್ಮ ಬೋರ್ಡಿಗೆ ಹೊಂದದ ರ‍್ಯಾಮಿನಾಗ ದೋಷ ಇಲ್ಲ. ಬೇರೆ ಬೋರ್ಡಿನಾಗ ಅದು ಓಡತೈತಿ. “ಮಾಲ್ ಸರಿ ಐತಿ, ನಿನ್ನ ಕಂಪ್ಯೂಟರ್ ಸರಿ ಇಲ್ಲ” ಅಂದ್ರ ನಿಮ್ಮ ಬಾಯಿ ಮುಚ್ಚತೈತಿ.

ಅದಕ್ಕ ಬಿಲ್ ಮ್ಯಾಲೆ ನಾಲ್ಕು ಮಾತು ಬರೆಸ್ರಿ: ಯಾವ ಡಿಡಿಆರ್, ಎಷ್ಟು ಜಿಬಿ, ಪಟ್ಟಿ ಮ್ಯಾಲಿನ ಪಾರ್ಟ್ ನಂಬರ್, ಮತ್ತು ‘ಇಂಥಾ ಬೋರ್ಡಿಗೆ ಹೊಂದುತ್ತದೆ ಎಂದು ಕೊಟ್ಟಿದ್ದು’. ಈ ಕಡೇ ಸಾಲು ಬರಿಯಾಕ ಹಿಂಜರಿಯೋ ಅಂಗಡಿಯವಗ ತನ್ನ ‘ನಡೀತೈತಿ’ ಮ್ಯಾಲೆ ತನಗೇ ನಂಬಿಕಿ ಇಲ್ಲ. ಅವಗ ನಂಬಿಕಿ ಇಲ್ಲದ್ದಕ್ಕ ನೀವ್ಯಾಕ ರೊಕ್ಕ ಕೊಡ್ತೀರಿ? ತಂಟೆ ಬಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದ್ರ ಕಾಗದ ಇಲ್ಲದ ಅಲ್ಲೂ ಮಾತು ಗಟ್ಟಿ ಆಗೂದಿಲ್ಲ.

ಕಾಗವಾಡದವರು ಮಿರಜಕ್ಕ, ನಿಪ್ಪಾಣಿಯವರು ಕೊಲ್ಲಾಪುರಕ್ಕ ಹೋಗಿ ತರ್ತೀರಿ. ಬದಲಿ ಮಾಡಾಕ ಮತ್ತ ಹೋಗಬೇಕಂದ್ರ ಬಸ್ಸಿನ ರೊಕ್ಕ, ಒಂದು ದಿನದ ಕ್ಲಾಸು. ಆ ಖರ್ಚು ಯಾವ ರೇಟ್ ಕಾರ್ಡಿನಾಗೂ ಇರೂದಿಲ್ಲ. 👉

5/9
ಈ ಪೋಸ್ಟು ನನ್ನ ಕ್ಲಾಸ್‌ಮೇಟುಗಳಿಗೆ. “ಮೂರು ಸಾವಿರದ ಇನ್ನೂರು ಮೆಗಾಹರ್ಟ್ಜ್, ಬಣ್ಣದ ಲೈಟ್ ಐತಿ” ಅಂತ ಸ್ಟೋರಿ ಹಾಕೋರಿಗೆ.

ಎಚ್410 ಬೋರ್ಡು, ಐ3-10100 ಇಟ್ಕೊಂಡು 3200ರ ರ‍್ಯಾಮ್ ಹಾಕಿದ್ರ ಅದು ಓಡೋದು 2666ಕ್ಕ. ಆ ಪ್ರೊಸೆಸರಿನ ಮಿತಿ ಅಷ್ಟು, ಆ ಬೋರ್ಡು ಅದನ್ನು ಮೀರಾಕ ಬಿಡೂದಿಲ್ಲ. ರ‍್ಯಾಮ್ ಕೆಡೂದಿಲ್ಲ, ಆದ್ರ ಹೆಚ್ಚಿಗಿ ಕೊಟ್ಟ ರೊಕ್ಕ ಲೈಟಿಗೆ ಹೋತು.

ಎರಡು ಪಟ್ಟಿ ಬೇರೆ ಬೇರೆ ವೇಗದವು ಇದ್ದರೆ ಎರಡೂ ನಿಧಾನದ್ದರ ವೇಗಕ್ಕೆ ಬರುತ್ತವೆ. ಗಾಡಿ ಶರ್ಯತ್ತು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕೇನು? ಜೋಡಿಯೊಳಗ ಒಂದೆತ್ತು ಮೆಲ್ಲಗ ಆದ್ರ ಗಾಡಿನೇ ಮೆಲ್ಲಗ. ಆದ್ರ ಜೋಡಿ ಕಟ್ಟೋದು ಬಿಡಬ್ಯಾಡ್ರಿ. ಒಂದೇ 8 ಜಿಬಿಗಿಂತ 4ರ ಎರಡು ಪಟ್ಟಿ ಸರಿಯಾದ ಸ್ಲಾಟಿನಲ್ಲಿದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಇದರ ಲಾಭ ಎದ್ದು ಕಾಣತೈತಿ.

ಇನ್ನ, ರೋಗ ಯಾವುದು ಅಂತ ಮೊದಲು ನೋಡ್ರಿ. ಟಾಸ್ಕ್ ಮ್ಯಾನೇಜರ್ ತೆರೆದು ದಿನಾ ಮಾಡೋ ಕೆಲಸ ಮಾಡ್ರಿ. ಮೆಮೊರಿ ನೂರಕ್ಕ 85-90 ತುಂಬಿದ್ರ ರ‍್ಯಾಮ್ ಬೇಕು. ಮೆಮೊರಿ ಅರ್ಧ ಖಾಲಿ, ಡಿಸ್ಕ್ ಮಾತ್ರ 100ಕ್ಕ ನಿಂತಿದ್ರ ನಿಮ್ಮ ರೋಗ ಹಳೇ ಹಾರ್ಡ್ ಡಿಸ್ಕು. ಅದಕ್ಕ ಎಸ್‌ಎಸ್‌ಡಿ ಔಷಧ, ರ‍್ಯಾಮ್ ಅಲ್ಲ.

ವಿಂಡೋಸ್ 32-ಬಿಟ್ ಇದ್ದರೆ ನೀವು 16 ಜಿಬಿ ಹಾಕಿದರೂ ಅದು 4 ಜಿಬಿ ದಾಟುವುದಿಲ್ಲ, ಕೈಗೆ ಸಿಗೋದು ಅದಕ್ಕೂ ಕಡಿಮಿ. ಮೊದಲು 64-ಬಿಟ್ ಹಾಕ್ರಿ. ‘ರ‍್ಯಾಮ್ ಹಾಕಿ, ಸ್ಪೀಡ್ ಡಬಲ್’ ಅನ್ನೋ ರೀಲ್‌ನಾಗ ಈ ಸಾಲು ಎಂದಾದ್ರೂ ಕೇಳೀರೇನು? 👉

6/9
ಈಗ ಇನ್ನೊಂದು ಪಾರ್ಟಿ: “ಹಳೇದು ಎಸೀರಿ, ಹೊಸಾದು ತಗೋರಿ.”

ಇವರ ಮಾತಿನಾಗ ಸ್ವಲ್ಪ ಸತ್ಯ ಐತಿ, ಒಪ್ಪಿಕೋತೀನಿ. ಡಿಡಿಆರ್2 ಬೋರ್ಡಿಗೆ ಇವತ್ತು ರೊಕ್ಕ ಸುರಿಯೋದು ಬಾಡಿದ ಕಬ್ಬಿಗೆ ಗೊಬ್ಬರ ಹಾಕಿದಂಗ. ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಅಧಿಕೃತವಾಗಿ ಎಂಟನೇ ಜನರೇಷನ್ನಿನಿಂದ ಮೇಲೆ ಬೇಕು, ಟಿಪಿಎಂ 2.0 ಬೇಕು. ನಮ್ಮ ಮೂರನೇ ಜನರೇಷನ್ ಆ ಪಟ್ಟಿಯಲ್ಲಿಲ್ಲ.

ಆದ್ರ ಹೊಸಾದು ತಗೊಳ್ಳೋ ರೊಕ್ಕ ಎಲ್ಲಿಂದ? 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಜಗತ್ತಿನ ಹೆಚ್ಚಿನ ಮೆಮೊರಿ ಚಿಪ್ಪು ಮಾಡೋರು ಮೂರೇ ಮಂದಿ: ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ನಡೆಸುವ ದೊಡ್ಡ ಡೇಟಾ ಸೆಂಟರುಗಳು ಅವರ ಮಾಲಿಗೆ ಹೆಚ್ಚು ಬೆಲೆ ಕೊಡುತ್ತವೆ, ಮಾಲು ಆ ಕಡೆ ಹರಿಯುತ್ತದೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ‘ಕ್ರೂಷಿಯಲ್’ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಮೇಲಿನ ರೈತರೆಲ್ಲ ಕಾಲುವೆಗೆ ಮೋಟಾರ್ ಹಚ್ಚಿದ್ರ ಟೇಲ್-ಎಂಡ್‌ನಾಗ ಏನಾಗತೈತಿ, ನಿಮಗ ಗೊತ್ತು. ಮನೆಯ ಪಿಸಿ ಈಗ ಟೇಲ್-ಎಂಡ್.

ಹಿಂಗಿದ್ದಾಗ ತಪ್ಪು ರ‍್ಯಾಮ್ ತಗೊಳ್ಳೋದು ಮೊದಲಿಗಿಂತ ದೊಡ್ಡ ತಪ್ಪು. ಇರೋ ಮಷೀನಿಗೆ ಹೊಂದುವ ಒಂದು ಪಟ್ಟಿ ಹಾಕಿ, ಬೇಕಾದ್ರ ಲಿನಕ್ಸ್ ಮಿಂಟ್ ಹಾಕಿ ಇನ್ನೆರಡು ವರ್ಷ ಓದಿಕೊಳ್ಳೋದು ಬಡತನ ಅಲ್ಲ, ಲೆಕ್ಕಾಚಾರ. ಅವ್ವ ಹಳೇ ಸೀರಿಯಿಂದ ಕೌದಿ ಹೊಲೀತಾಳ, ಅದನ್ನ ನಾವು ಬಡತನ ಅಂತೀವೇನು? 👉

7/9
ಬಾಯಿ ಮಾತು ಸಾಕು. ಈ ಪೋಸ್ಟ್ ಸೇವ್ ಮಾಡ್ಕೊರಿ. ಅಂಗಡಿಗೆ ಹೋಗೋಕಿಂತ ಮೊದಲು ಮಾಡೋ ಕೆಲಸ:

▪️ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಐತಿ, ಎಷ್ಟು ತುಂಬೈತಿ, ವೇಗ ಎಷ್ಟು ಅಂತ ಕಾಣತೈತಿ. ಫೋಟೋ ತೆಗೀರಿ.
▪️ ಸಿಪಿಯು-ಝಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಾಗ ಬೋರ್ಡಿನ ಮಾಡೆಲ್, ಈಗಿರುವ ರ‍್ಯಾಮಿನ ಪಾರ್ಟ್ ನಂಬರ್ ಸಿಗತೈತಿ.
▪️ ಬೋರ್ಡಿನ ಮಾಡೆಲ್ ಹಾಕಿ ಕಂಪನಿಯ ಮ್ಯಾನ್ಯುಯಲ್ ತೆಗೀರಿ. ಯಾವ ಡಿಡಿಆರ್, ಗರಿಷ್ಠ ಎಷ್ಟು ಜಿಬಿ ಅಂತ ಬರೆದಿರುತ್ತಾರೆ. ಎಚ್61 ಆದರೆ ಎರಡು ಸ್ಲಾಟಿಗೆ ಒಟ್ಟು 16 ಜಿಬಿ.
▪️ ಕ್ಯಾಬಿನೆಟ್ ಬಿಚ್ಚಿ ರ‍್ಯಾಮ್ ಮ್ಯಾಲಿನ ಸ್ಟಿಕ್ಕರ್ ಓದ್ರಿ.

ಸ್ಟಿಕ್ಕರಿನಾಗ ಹಿಂಗ ಇರತೈತಿ: 4ಜಿಬಿ 2ಆರ್‌ಎಕ್ಸ್8 ಪಿಸಿ3-12800ಯು.
‘ಪಿಸಿ3’ ಅಂದ್ರ ಡಿಡಿಆರ್3. ‘ಪಿಸಿ3ಎಲ್’ ಇದ್ದರೆ ಕಡಿಮೆ ವೋಲ್ಟಿನದು. ‘ಪಿಸಿ4’ ಅಂದ್ರ ಡಿಡಿಆರ್4.
‘12800’ ಅನ್ನು 8ರಿಂದ ಭಾಗಿಸಿದರೆ 1600, ಅದೇ ವೇಗ. ‘10600’ ಇದ್ದರೆ 1333. ಡಿಡಿಆರ್4ರ ಸ್ಟಿಕ್ಕರಿನಲ್ಲಿ ನೇರ ವೇಗವೇ ಇರುತ್ತದೆ: ಪಿಸಿ4-2400, ಪಿಸಿ4-3200.
‘2ಆರ್‌ಎಕ್ಸ್8’ ಅಂದ್ರ ಎಕ್ಸ್8 ಚಿಪ್ಪು, ಎರಡು ಸಾಲು, ಒಟ್ಟು 16. ಇಲ್ಲಿ ‘ಎಕ್ಸ್4’ ಕಂಡರೆ ಮನೆಯ ಇಂಟೆಲ್ ಪಿಸಿಗೆ ಬ್ಯಾಡ.
ಕಡೆಯ ‘ಯು’ ಅಂದ್ರ ಡೆಸ್ಕ್‌ಟಾಪು. ‘ಎಸ್’ ಲ್ಯಾಪ್‌ಟಾಪು. ‘ಆರ್’ ಸರ್ವರು, ಕೈ ಮುಗಿದು ಬಿಡ್ರಿ.

ಈ ಒಂದು ಸಾಲು ಓದಾಕ ಬಂದ್ರ ನಿಮ್ಮನ್ನ ಯಾರೂ ಸುಲಭಕ್ಕ ಫಸಗಸೂದಿಲ್ಲ. ಸ್ಟಿಕ್ಕರೇ ಇಲ್ಲದ ರ‍್ಯಾಮ್ ಎಷ್ಟ ಸೋವಿ ಆದ್ರೂ ಬ್ಯಾಡ. 👉

8/9
ಇನ್ನೊಂದಿಷ್ಟು ಎಚ್ಚರ.

ಲ್ಯಾಪ್‌ಟಾಪಿನವರು: ಎಷ್ಟೋ ತೆಳು ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಸ್ಲಾಟೇ ಇರೂದಿಲ್ಲ. ರ‍್ಯಾಮ್ ತಗೊಂಡ ಮ್ಯಾಲೆ ಬಿಚ್ಚಿ ನೋಡೋದಲ್ಲ, ನೋಡಿ ತಗೊಳ್ಳೋದು.

ಹೊಸ ಪಿಸಿ ಇದ್ದವರು: ಇಂಟೆಲ್ 12ರಿಂದ 14ನೇ ಜನರೇಷನ್ ಪ್ರೊಸೆಸರಿಗೆ ಡಿಡಿಆರ್4 ಬೋರ್ಡೂ ಐತಿ, ಡಿಡಿಆರ್5 ಬೋರ್ಡೂ ಐತಿ. “12ನೇ ಜನರೇಷನ್ನಿಗೆ ರ‍್ಯಾಮ್ ಕೊಡ್ರಿ” ಅಂತ ಕೇಳಿದ್ರ ಸಾಲೂದಿಲ್ಲ, ಬೋರ್ಡಿನ ಹೆಸರು ಹೇಳ್ರಿ. ಎಎಂಡಿ ಎಎಂ4 ಸಾಕೆಟ್ ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5 ಮಾತ್ರ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು: 2019 ಮತ್ತು 2021ರ ಮಹಾಪೂರದಾಗ ಕೃಷ್ಣಾ, ದೂಧಗಂಗಾ ದಂಡಿಯ ಎಷ್ಟೋ ಮನೆಯಾಗ ನೀರು ಹೊಕ್ಕಿತ್ತು. ನೀರು ಕುಡಿದ ಮಷೀನಿನ ಬಿಡಿಭಾಗ ಎಲ್ಲೆಲ್ಲಿ ತಿರುಗ್ಯಾವೋ ಯಾರ ಕಂಡಾರ? ಬಂಗಾರ ಬಣ್ಣದ ಹಲ್ಲಿನ ಮ್ಯಾಲೆ ಹಸಿರು ಕಿಲುಬು ಕಂಡ್ರ ವಾಪಸ್ ಕೊಡ್ರಿ. ನಿಮ್ಮ ಮಷೀನೇ ಅಂಗಡಿಗೆ ಒಯ್ದು, ಅಲ್ಲೇ ಹಾಕಿ, ಅಲ್ಲೇ ಚಾಲೂ ಮಾಡಿ ನೋಡ್ರಿ. ಮನಿಗೆ ಬಂದು ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸ್ರಿ. ಒಂದು ಕೆಂಪು ಸಾಲು ಬಂದ್ರೂ ಮರುದಿನವೇ ಬದಲಿ ಕೇಳ್ರಿ.

ಕೂಡಿಸೋರು: ಪ್ಲಗ್ ಕಿತ್ತಿ, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ತಗಡು ಮುಟ್ಟಿ, ಆಮ್ಯಾಲೆ ರ‍್ಯಾಮ್ ಮುಟ್ರಿ. ಮತ್ತ ನನ್ನಂಗ ಹತ್ತು ದಿನ ಡಬ್ಬಿ ಇಡಬ್ಯಾಡ್ರಿ. ಬಂದ ದಿನವೇ ಹಾಕಿ ನೋಡ್ರಿ, ವಾಪಸ್ಸಿನ ಗಡುವು ನಿಮ್ಮ ಪರೀಕ್ಷಾ ನೋಡಿ ನಿಲ್ಲೂದಿಲ್ಲ. 👉

9/9
ನಮ್ಮ ಮನಿ ಪಿಸಿ ಏನಾತು ಅಂತ ಡಿಎಂ ಮಾಡೀರಿ ಭಾಳ ಮಂದಿ.

ಅಪ್ಪನ ಮುಂದ ಮತ್ತ ಕೈ ಚಾಚಲಿಲ್ಲ. ದೀಪಾವಳಿ ಸೂಟಿಯೊಳಗ ಒಬ್ಬರ ಅಂಗಡಿಯೊಳಗ ಡಾಟಾ ಎಂಟ್ರಿ ಮಾಡಿದೆ. ಆ ರೊಕ್ಕ, ನಮ್ಮ ಹಳೇ ಪಟ್ಟಿಯ ಫೋಟೋ, ಬೋರ್ಡಿನ ನಂಬರು ತಗೊಂಡು ಅಂಗಡಿಗೆ ಹೋದೆ. ಕೇಳಿದ್ದು ಒಂದೇ ಸಾಲು: “4 ಜಿಬಿ, ಡಿಡಿಆರ್3, 2ಆರ್‌ಎಕ್ಸ್8, 12800ಯು ಕೊಡ್ರಿ ಅಣ್ಣಾ, ಬಿಲ್ ಮ್ಯಾಲೆ ಬರೀರಿ.” ಅವರು ಒಮ್ಮೆ ಮುಖ ನೋಡಿದ್ರು. ಆಮ್ಯಾಲೆ ಒಳಗಿಂದ ಮೂರು ಪಟ್ಟಿ ತಂದು, ಒಂದೊಂದರ ಸ್ಟಿಕ್ಕರ್ ತಾವೇ ಓದಿ, ಒಂದು ತೆಗೆದು ಕೊಟ್ರು. ಗೊತ್ತಿದ್ದು ಕೇಳಿದ್ರ ಅಂಗಡಿಯವರೂ ಗೊತ್ತಿದ್ದೇ ಕೊಡ್ತಾರ.

ಈಗ 8 ಜಿಬಿ, ಜೋಡಿ. ತಂಗಿ ವಿಡಿಯೋನೂ ತೆರೀತಾಳ, ನೋಟ್ಸೂ ತೆರೀತಾಳ. ಅಪ್ಪ ಒಂದು ಸಂಜಿ ಹಿಂದ ನಿಂತು ನೋಡಿ, “ಆ ಡಬ್ಬಿ ಸುದ್ದ ಆತೇನು?” ಅಂದ್ರು. ಹೂಂ ಅಂದೆ. ಅಷ್ಟೇ ಮಾತು.

ಇದು ಬರೇ ರೊಕ್ಕದ ಪ್ರಶ್ನೆ ಅಲ್ಲ ಅಂತ ನಾ ಜಗಳ ತಗದಿದ್ದು ಅದಕ್ಕ. ಒಂದು ತಪ್ಪು ಪಟ್ಟಿ ಮನ್ಯಾಗ ಕಂಪ್ಯೂಟರ್ ಮ್ಯಾಲಿನ ನಂಬಿಕಿನೇ ಕೆಡಸತೈತಿ. ನಂಬಿಕಿ ಕೆಟ್ಟ ಮನ್ಯಾಗ ಮೊದಲ ಖರ್ಚು ಕಡಿತ ಆಗೋದು ಯಾರ ಓದಿಗೆ ಅಂತ ನಿಮ್ಮ ಮನ್ಯಾಗೂ ನೋಡೀರಿ. ಹೆಣ್ಣು ಹುಡುಗರ ಓದಿಗೆ.

ಅದಕ್ಕ ಇವತ್ತಿನಿಂದ ಯಾರಾದ್ರೂ “ಯಾವುದಾದ್ರೂ ನಡೀತೈತಿ” ಅಂದ್ರ ನಕ್ಕು ಕೇಳ್ರಿ: “ಬಿಲ್ ಮ್ಯಾಲೆ ಬರೀತೀರೇನು?”

ನಿಮ್ಮ ಬೋರ್ಡಿನ ಹೆಸರು, ರ‍್ಯಾಮ್ ಸ್ಟಿಕ್ಕರಿನ ಸಾಲು ಕಮೆಂಟಿನಾಗ ಹಾಕ್ರಿ. ಗೊತ್ತಿದ್ದದ್ದು ನಾ ಹೇಳ್ತೀನಿ, ಗೊತ್ತಿಲ್ಲದ್ದು ಗೊತ್ತಿದ್ದವರು ಹೇಳ್ರಿ. ಅಂಗಡಿ ಹೆಸರು ಯಾರೂ ಹಾಕಬ್ಯಾಡ್ರಿ, ನಮ್ಮ ಜಗಳ ಮಾತಿನ ಮ್ಯಾಲೆ, ಮಂದಿ ಮ್ಯಾಲೆ ಅಲ್ಲ. ಮತ್ತ ಆ ‘ಎಎಂಡಿ ಮಾತ್ರ’ 8 ಜಿಬಿ ಇನ್ನೂ ನನ್ನ ಕಂಪಾಸ್ ಪೆಟ್ಟಿಗಿಯೊಳಗ ಐತಿ. ರಾಯಬಾಗ ಕಡೆ ಯಾರದಾದ್ರೂ ಡಿಡಿಆರ್3ರ ಹಳೇ ಎಎಂಡಿ ಬೋರ್ಡ್ ಇದ್ರ ಹೇಳ್ರಿ, ಪುಕ್ಕಟೆ ಕೊಡ್ತೀನಿ. ಆದ್ರ ಮೊದಲು ಬೋರ್ಡಿನ ನಂಬರ್ ಕಳಸ್ರಿ. 🙏

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಬಿಲ್_ಮ್ಯಾಲೆ_ಬರೀರಿ #ಸ್ಟಿಕ್ಕರ್_ಓದ್ರಿ